ಗಡಿಯ ಬೆಲೆ, ದಿನದ ಬೆಲೆ

ವಿದೇಶ ಪ್ರವಾಸವೆಂಬುದು ಒಂದು ಕಾಲಕ್ಕೆ ಅರಸುಮನೆತನದವರಿಗೂ ದೊಡ್ಡ ವರ್ತಕರಿಗೂ ವಿದ್ಯಾರ್ಥಿವೇತನ ಪಡೆದ ಕೆಲವೇ ಮೇಧಾವಿಗಳಿಗೂ ಮೀಸಲಾಗಿದ್ದ ಭಾಗ್ಯವಾಗಿತ್ತು. ಈಗ ಅದು ಹಾಗುಳಿದಿಲ್ಲ. ಶಾಲೆಯ ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರು, ನಿವೃತ್ತಿವೇತನದಲ್ಲಿ ಬಾಳುವ ದಂಪತಿಗಳು, ದುಡಿಮೆಗೆ ಸೇರಿ ಇನ್ನೂ ಮೂರು ನಾಲ್ಕು ವರ್ಷ ಕಳೆಯದ ತರುಣ ತರುಣಿಯರು, ಇವರೆಲ್ಲರೂ ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿ ಸಮುದ್ರದಾಚೆಯ ನಾಡುಗಳನ್ನು ಕಂಡು ಬರಲು ಹೊರಡುತ್ತಿದ್ದಾರೆ. ಇದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಹೊಸದಾಗಿ ದೊರೆತ ಸ್ವಾತಂತ್ರ್ಯವು ಅದನ್ನು ಬಳಸುವ ವಿವೇಕವನ್ನೂ ಬೇಡುತ್ತದೆ. ಒಂದೇ ಯಾತ್ರೆಯಲ್ಲಿ ಹಲವು ದೇಶಗಳನ್ನು ಮಿತವಾದ ಹಣದಲ್ಲಿ ನೋಡಬಯಸುವವನು ಮೊಟ್ಟಮೊದಲು ಕೇಳಿಕೊಳ್ಳುವ ಪ್ರಶ್ನೆ ಸಾಮಾನ್ಯವಾಗಿ “ಇಷ್ಟು ಹಣದಲ್ಲಿ ಎಷ್ಟು ದೇಶ?” ಎಂಬುದು. ಪ್ರಶ್ನೆಯೇ ತಪ್ಪಾದಲ್ಲಿ ಲೆಕ್ಕವೆಷ್ಟು ಶುದ್ಧವಾಗಿದ್ದರೂ ಉತ್ತರ ಸರಿಯಾಗಲಾರದು. ಪ್ರವಾಸದ ಆಯವ್ಯಯವನ್ನು ದೇಶಗಳಿಂದ ಎಣಿಸಬಾರದು, ದಿನಗಳಿಂದ ಎಣಿಸಬೇಕು. ಬಹುದೇಶ ಯಾತ್ರೆಯಲ್ಲಿ ನಮ್ಮ ಹಣವನ್ನೂ ಆಯುಷ್ಯದ ಬಿಡುವನ್ನೂ ಕಬಳಿಸುವವು ದೇಶದೇಶಗಳ ನಡುವಣ ಗಡಿಗಳು. ಆದುದರಿಂದ ಕಡಿಮೆ ಗಡಿಗಳನ್ನು ದಾಟಿ ಹೆಚ್ಚು ದಿನ ನಿಲ್ಲುವವನ ಯಾತ್ರೆಯು ಅಗ್ಗವೂ ಆಗುತ್ತದೆ, ಅರ್ಥವತ್ತೂ ಆಗುತ್ತದೆ. ಈ ಮಾತನ್ನು ಸಕಾರಣವಾಗಿ ಸ್ಥಾಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿವೇಕವು ನಮಗೆ ಹಿರಿಯರಿಂದ ಅನುಭವರೂಪದಲ್ಲಿ ಬಂದಿಲ್ಲವೆಂಬುದಕ್ಕೆ ಚಾರಿತ್ರಿಕ ಕಾರಣವುಂಟು. ಸ್ವಾತಂತ್ರ್ಯಾನಂತರದ ಹಲವು ದಶಕಗಳ ಕಾಲ ವಿದೇಶೀ ವಿನಿಮಯದ ಅಭಾವದಿಂದ ಬಳಲಿದ ನಮ್ಮ ದೇಶದಲ್ಲಿ ಹೊರನಾಡಿಗೆ ಹೊರಟವನು ಎಷ್ಟು ಹಣವನ್ನು ಒಯ್ಯಬಹುದೆಂಬುದನ್ನು ಸರ್ಕಾರವೇ ನಿರ್ಣಯಿಸುತ್ತಿತ್ತು. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾನೂನು ಆ ನಿರ್ಬಂಧವನ್ನು ಮತ್ತಷ್ಟು ಬಿಗಿಗೊಳಿಸಿತು. 1999ರ ಹೊಸ ಕಾನೂನು ಆ ಬಿಗಿಯನ್ನು ಸಡಿಲಿಸಿತು. 2004ರಲ್ಲಿ ರಿಸರ್ವ್ ಬ್ಯಾಂಕು ವ್ಯಕ್ತಿಗೆ 25,000 ಡಾಲರುಗಳ ಮಿತಿಯೊಡನೆ ಆರಂಭಿಸಿದ ಉದಾರ ಹಣರವಾನೆಯ ಯೋಜನೆಯು ಬೆಳೆಯುತ್ತ ಬಂದು, ಇಂದು ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರದೇಶದಲ್ಲಿ ವ್ಯಯಿಸಲು ಅನುಮತಿ ಕೊಡುತ್ತದೆ. ಸಾಮಾನ್ಯ ಗೃಹಸ್ಥನ ಪಾಲಿಗೆ ಇದು ಮಿತಿಯೇ ಇಲ್ಲದ ಹಾಗೆ. ಹಿಂದೆ ರಾಜಶಾಸನವು ಮಾಡುತ್ತಿದ್ದ ಸಂಯಮದ ಕೆಲಸವನ್ನು ಈಗ ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳಬೇಕಾಗಿದೆ. ಹಾಗೆ ಮಾಡಿಕೊಳ್ಳುವ ಅಭ್ಯಾಸ ಇನ್ನೂ ಬೇರೂರದಿರುವಾಗ, ಇಷ್ಟು ದಿನಗಳಲ್ಲಿ ಇಷ್ಟು ದೇಶಗಳೆಂಬ ಜಾಹೀರಾತು ಆ ತೆರವನ್ನು ತುಂಬಿದೆ. ಎಣಿಸಲು ಸುಲಭವಾದುದು ಮಾರಲೂ ಸುಲಭವಷ್ಟೆ.

ಮಿತವ್ಯಯದ ಪ್ರವಾಸಕ್ಕೆ ಗೌರವಾರ್ಹವಾದ ಇತಿಹಾಸವಿದೆಯೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು. 1841ರ ಜುಲೈ 5ರಂದು ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಿಂದ ಲಫ್‌ಬರೋ ಎಂಬ ಊರಿಗೆ, ತಲೆಗೆ ಒಂದು ಶಿಲಿಂಗಿನಂತೆ, ಸುಮಾರು 500 ಮಂದಿಯನ್ನು ರೈಲಿನಲ್ಲಿ ಕರೆದೊಯ್ದ ಥಾಮಸ್ ಕುಕ್ ಪಾನನಿರೋಧದ ಪ್ರಚಾರಕನಾಗಿದ್ದನು; ಜನಸಾಮಾನ್ಯರನ್ನು ಮದ್ಯದಂಗಡಿಯಿಂದ ಹೊರತಂದು ಅವರಿಗೆ ಬೇರೊಂದು ಉಲ್ಲಾಸವನ್ನು ಕಾಣಿಸುವ ಉದ್ದೇಶ ಆ ಅಗ್ಗದ ಟಿಕೇಟಿನ ಹಿಂದೆ ಇತ್ತು. ಅದಾದ ಒಂದು ಶತಮಾನಕ್ಕೂ ಮೇಲೆ, 1957ರಲ್ಲಿ, ಸೈನಿಕನಾಗಿ ಯೂರೋಪನ್ನು ಕಂಡಿದ್ದ ಅಮೆರಿಕದ ಆರ್ಥರ್ ಫ್ರಾಮರ್ ಎಂಬಾತನು ದಿನಕ್ಕೆ ಐದು ಡಾಲರುಗಳಲ್ಲಿ ಯೂರೋಪನ್ನು ನೋಡುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಪ್ರಕಟಿಸಿದನು. ವಿದೇಶಯಾತ್ರೆ ಧನಿಕರ ಸ್ವತ್ತೆಂಬ ಭಾವನೆಯನ್ನು ಅಲುಗಿಸಿದ ಆ ಗ್ರಂಥದ ಮುಖಪುಟದಲ್ಲಿಯೇ ಲೆಕ್ಕದ ಮೂಲಮಾನ ಕಾಣಿಸಿಕೊಂಡಿತ್ತು: ದೇಶವೊಂದಕ್ಕೆ ಇಷ್ಟು ಎಂದಲ್ಲ, ದಿನವೊಂದಕ್ಕೆ ಇಷ್ಟು ಎಂದು. ಅಲ್ಪಧನನಾದ ಯಾತ್ರಿಕನಿಗೆ ಮೊದಲು ದಾರಿ ತೋರಿಸಿದವರು ಹಿಡಿದ ಅಳತೆಗೋಲನ್ನು ನಾವು ಯಾವಾಗಲೋ ಕೈಬಿಟ್ಟೆವು.

ಈಗ ವೆಚ್ಚದ ಸ್ವರೂಪವನ್ನು ಪರಿಶೀಲಿಸೋಣ. ಪ್ರವಾಸದಲ್ಲಿ ನಾವು ತೆರುವ ಹಣವೆಲ್ಲ ಒಂದೇ ಜಾತಿಯದಲ್ಲ. ವಿಮಾನದ ಟಿಕೇಟು, ವಿಮೆ, ಹೊರಡುವ ಸಿದ್ಧತೆ ಇವು ಯಾತ್ರೆಗೆ ಒಮ್ಮೆ ತೆರುವ ವೆಚ್ಚಗಳು. ವಸತಿ, ಊಟ, ಊರೊಳಗಿನ ಓಡಾಟ ಇವು ದಿನದಿನವೂ ತೆರುವಂಥವು. ಇವೆರಡರ ನಡುವೆ, ಪಟ್ಟಿಯಲ್ಲಿ ಬಹುಮಟ್ಟಿಗೆ ಕಾಣಿಸಿಕೊಳ್ಳದೆ ಅಡಗಿರುವ ಮೂರನೆಯ ಜಾತಿಯೊಂದಿದೆ. ಅದು ಪ್ರತಿಯೊಂದು ಗಡಿಗೂ ಒಮ್ಮೆ ತೆರಬೇಕಾದ ವೆಚ್ಚ. ವೀಸಾದ ಶುಲ್ಕ, ಗಡಿಯವರೆಗಿನ ಮತ್ತು ಗಡಿಯಿಂದಾಚೆಗಿನ ವಾಹನ, ಉಳಿದುಹೋದ ಒಂದು ನಾಣ್ಯವನ್ನು ಮತ್ತೊಂದಕ್ಕೆ ಬದಲಿಸುವಾಗ ಆಗುವ ನಷ್ಟ, ಹೊಸ ಸಿಮ್ ಕಾರ್ಡು, ಅಪರಿಚಿತ ಊರಿಗೆ ಕತ್ತಲಲ್ಲಿ ಬಂದಿಳಿದವನು ಬಾಡಿಗೆ ವಾಹನದವನಿಗೆ ಕೊಡುವ ಅಧಿಕ ದರ, ಇವೆಲ್ಲಕ್ಕೂ ಮಿಗಿಲಾಗಿ ಪ್ರಯಾಣದಲ್ಲಿಯೇ ಕಳೆದುಹೋಗುವ ಒಂದು ಪೂರ್ತಿ ದಿನ, ಇವು ಅದರ ಅಂಗಗಳು. ಈ ವೆಚ್ಚದ ಮುಖ್ಯ ಲಕ್ಷಣವೇನೆಂದರೆ, ಗಡಿಯಾಚೆ ಎರಡು ದಿನ ಇದ್ದರೂ ಇಪ್ಪತ್ತು ದಿನ ಇದ್ದರೂ ಅದು ಒಂದೇ ಪ್ರಮಾಣದಲ್ಲಿರುತ್ತದೆ.

ಮೆಕಾಂಗ್ ನದಿಯ ತೀರದ ದೇಶಗಳನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಥಾಯ್ಲೆಂಡ್, ಲಾವೋಸ್, ಕಾಂಬೋಡಿಯ, ವಿಯೆಟ್ನಾಂ ಈ ನಾಲ್ಕನ್ನೂ ಒಂದೇ ಸುತ್ತಿನಲ್ಲಿ ನೋಡುವ ಹಂಬಲ ನಮ್ಮವರಲ್ಲಿ ಸಾಮಾನ್ಯ. ದೂರ ಹೆಚ್ಚಿಲ್ಲ, ದಿನದ ಖರ್ಚೂ ಕಡಿಮೆ. 2023ರ ಆಗಸ್ಟಿನಿಂದ ವಿಯೆಟ್ನಾಂ ಸರ್ಕಾರವು ಗಣಕದ ಮೂಲಕ ಕೊಡುವ ವೀಸಾ 90 ದಿನಗಳವರೆಗೆ ಸಲ್ಲುತ್ತದೆ. ಒಂದು ಬಾರಿಯ ಪ್ರವೇಶಕ್ಕೆ ಅದರ ಶುಲ್ಕ 25 ಡಾಲರು, ಹಲವು ಬಾರಿಯ ಪ್ರವೇಶಕ್ಕೆ 50. ಕಾಂಬೋಡಿಯದ ಪ್ರವಾಸಿ ವೀಸಾ 30 ಡಾಲರಿಗೆ 30 ದಿನಗಳ ಅವಕಾಶ ಕೊಡುತ್ತದೆ. ಮೂರು ದಿನಕ್ಕೆಂದು ಕಾಂಬೋಡಿಯಕ್ಕೆ ಹೋದವನು ದಿನಕ್ಕೆ 10 ಡಾಲರು ಬಾಗಿಲ ತೆರಿಗೆ ತೆತ್ತಂತಾಯಿತು. ಹದಿನೈದು ದಿನ ನಿಂತವನು ತೆತ್ತದ್ದು ದಿನಕ್ಕೆ 2 ಡಾಲರು. ವಿಯೆಟ್ನಾಮಿಗೆ ಹೋಗಿ, ನಡುವೆ ಕಾಂಬೋಡಿಯವನ್ನು ಕಂಡು, ಮತ್ತೆ ವಿಯೆಟ್ನಾಮಿಗೆ ಮರಳುವಂತೆ ದಾರಿಯನ್ನು ಅವಿಚಾರದಿಂದ ಹೊಂದಿಸಿಕೊಂಡವನು ಒಂದೇ ದೇಶದ ಬಾಗಿಲಿಗೆ ಎರಡರಷ್ಟು ತೆರುತ್ತಾನೆ. ಇಂತಹ ಶುಲ್ಕಗಳೂ ನಿಯಮಗಳೂ ಕಾಲಕಾಲಕ್ಕೆ ಮಾರ್ಪಡುತ್ತಿರುವುದು ಸಹಜ. ತತ್ತ್ವ ಮಾತ್ರ ಮಾರ್ಪಡುವುದಿಲ್ಲ.

ತತ್ತ್ವವನ್ನು ಅಂಕಿಗಳಲ್ಲಿ ಇಳಿಸಿ ನೋಡಿದರೆ ಅದರ ಬಲ ಸ್ಪಷ್ಟವಾಗುತ್ತದೆ. ಕೇವಲ ಉದಾಹರಣೆಗಾಗಿ, ಒಬ್ಬರಿಗೆ 1,20,000 ರೂಪಾಯಿಗಳಿವೆಯೆಂದು ಕಲ್ಪಿಸಿಕೊಳ್ಳೋಣ. ವಿಮಾನ, ವಿಮೆ, ಸಿದ್ಧತೆಗಳಿಗೆ 40,000, ಆಪತ್ತಿಗೆಂದು ಮುಟ್ಟದೆ ಇಡುವ ನಿಧಿ 20,000, ಉಳಿದದ್ದು 60,000. ಗಡಿಯೊಂದಕ್ಕೆ ಎಲ್ಲ ಸೇರಿ 7,500, ದಿನವೊಂದಕ್ಕೆ 2,500 ಎಂದಿಟ್ಟುಕೊಳ್ಳೋಣ. ನಾಲ್ಕು ದೇಶಗಳನ್ನು ನೋಡುವವನು ನಡುವಣ ಮೂರು ಗಡಿಗಳಿಗೆ 22,500 ತೆತ್ತು, ಉಳಿದ 37,500ರಲ್ಲಿ ಹದಿನೈದು ದಿನ ಇರಬಲ್ಲನು. ಅದರಲ್ಲಿ ಮೂರು ದಿನ ಗಡಿ ದಾಟುವುದರಲ್ಲಿಯೇ ಹೋಗುವುದರಿಂದ ನೋಡಲು ದೊರೆಯುವುದು ಹನ್ನೆರಡು ದಿನ, ಅಂದರೆ ದೇಶಕ್ಕೆ ಮೂರು ದಿನ. ಎರಡೇ ದೇಶಗಳನ್ನು ನೋಡುವವನು ಒಂದು ಗಡಿಗೆ 7,500 ತೆತ್ತು, ಉಳಿದ 52,500ರಲ್ಲಿ ಇಪ್ಪತ್ತೊಂದು ದಿನ ಇರಬಲ್ಲನು. ಒಂದು ದಿನವನ್ನು ಕಳೆದರೆ ಇಪ್ಪತ್ತು, ಅಂದರೆ ದೇಶಕ್ಕೆ ಹತ್ತು ದಿನ. ದೇಶಗಳು ಅರ್ಧಕ್ಕಿಳಿದವು, ಪ್ರತಿಯೊಂದರಲ್ಲಿಯೂ ಇರುವ ಕಾಲವು ಮೂರು ಪಟ್ಟಿಗಿಂತಲೂ ಹೆಚ್ಚಾಯಿತು. ರಜೆಯೇ ಹದಿನೈದು ದಿನಕ್ಕೆ ಮುಗಿಯುತ್ತದೆ, ಇಪ್ಪತ್ತೊಂದು ದಿನ ಎಲ್ಲಿಂದ ಬರಬೇಕು ಎಂದು ನೌಕರಿಯಲ್ಲಿರುವವರು ಆಕ್ಷೇಪಿಸಬಹುದು. ಹಾಗಾದಲ್ಲಿ ಅದೇ ಹದಿನೈದು ದಿನಗಳಲ್ಲಿ ಎರಡು ದೇಶಗಳನ್ನು ಕಂಡವನ ಕೈಯಲ್ಲಿ 15,000 ರೂಪಾಯಿ ಮಿಗುತ್ತದೆ, ನೋಡುವುದಕ್ಕೂ ಎರಡು ದಿನ ಹೆಚ್ಚಾಗಿ ದೊರೆಯುತ್ತವೆ. ಅಂಕಿಗಳನ್ನು ತಮ್ಮ ತಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಿಸಿಕೊಂಡರೂ ನಿರ್ಣಯ ಬದಲಾಗದು.

ಯೂರೋಪಿನಲ್ಲಿ ಈ ವಾದ ನಿಲ್ಲುವುದಿಲ್ಲವೆಂದು ತೋರಬಹುದು. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತಿದ್ದ ಹಡಗಿನಲ್ಲಿ ಸಹಿಯಾದ ಒಪ್ಪಂದವು ಇಂದು 29 ದೇಶಗಳನ್ನು ಒಂದೇ ಬಾಗಿಲಿನೊಳಗೆ ತಂದಿದೆ. ವಯಸ್ಕರಿಗೆ 90 ಯೂರೋ ಶುಲ್ಕದ ಒಂದೇ ವೀಸಾ ಹಿಡಿದವನು ಪೋರ್ಚುಗಲ್ಲಿನಿಂದ ಪೋಲೆಂಡಿನವರೆಗೆ ತಡೆಯಿಲ್ಲದೆ ಸಂಚರಿಸಬಹುದು. ಗಡಿಗೆ ಬೆಲೆಯೇ ಇಲ್ಲದಿರುವಾಗ ಹತ್ತು ದಿನಗಳಲ್ಲಿ ಎಂಟು ದೇಶಗಳನ್ನೇಕೆ ನೋಡಬಾರದು? ಉತ್ತರವಿಷ್ಟೆ: ಅಲ್ಲಿ ವೀಸಾದ ಗಡಿ ಅಳಿದಿದೆಯೇ ಹೊರತು ದಾರಿಯ ದೂರ ಅಳಿದಿಲ್ಲ. 1959ರಿಂದ ಪರಖಂಡದವರಿಗೆಂದು ಮಾರಾಟವಾಗುತ್ತಿರುವ ಯೂರೇಲ್ ರೈಲುಪಾಸನ್ನು ಕೊಂಡವನೂ ಅನೇಕ ವೇಗದ ರೈಲುಗಳಲ್ಲಿ ಆಸನ ಕಾದಿರಿಸಲು ಬೇರೆ ಹಣ ಕೊಡಬೇಕು. ಪ್ರತಿ ಊರಿನಲ್ಲಿಯೂ ಬೆಳಿಗ್ಗೆ ಕೊಠಡಿ ತೆರವು ಮಾಡಿ ಮಧ್ಯಾಹ್ನದವರೆಗೆ ಹೊಸ ಕೊಠಡಿಗಾಗಿ ಕಾಯಬೇಕು. ಅಲ್ಲಿ ದಿನವೊಂದರ ವೆಚ್ಚವೇ ಅಧಿಕವಾಗಿರುವುದರಿಂದ, ಹಾಗೆ ವ್ಯರ್ಥವಾದ ಅರ್ಧ ದಿನದ ಬೆಲೆಯೂ ಅಧಿಕ. ಮೆಕಾಂಗಿನ ತೀರದಲ್ಲಿ ದಿನ ಅಗ್ಗ, ಗಡಿ ತುಟ್ಟಿ. ಯೂರೋಪಿನಲ್ಲಿ ಗಡಿ ಅಗ್ಗ, ದಿನ ತುಟ್ಟಿ. ಎರಡು ಕಡೆಯೂ ನಷ್ಟವನ್ನುಂಟುಮಾಡುವುದು ಅವಸರವೇ.

ನಿಲ್ಲುವವನಿಗೆ ಬೆಲೆ ಇಳಿಸುವ ಏರ್ಪಾಡು ಪ್ರೇಕ್ಷಣೀಯ ಸ್ಥಳಗಳ ಶುಲ್ಕದಲ್ಲಿಯೂ ಉಂಟು. ಕಾಂಬೋಡಿಯದ ಆಂಗ್ಕೋರ್ ದೇವಾಲಯ ಸಮುಚ್ಚಯಕ್ಕೆ ಒಂದು ದಿನದ ಪ್ರವೇಶಪತ್ರದ ಬೆಲೆ 37 ಡಾಲರು. ಮೂರು ದಿನದ್ದಕ್ಕೆ 62. ಏಳು ದಿನದ್ದಕ್ಕೆ 72. ಮೂರು ದಿನದ ಪತ್ರವನ್ನು ಹತ್ತು ದಿನಗಳ ಅವಧಿಯಲ್ಲಿ, ಏಳು ದಿನದ್ದನ್ನು ಒಂದು ತಿಂಗಳ ಅವಧಿಯಲ್ಲಿ ಬೇಕಾದ ದಿನಗಳಂದು ಉಪಯೋಗಿಸಬಹುದು. ದಿನಕ್ಕೆ ಹಂಚಿ ನೋಡಿದರೆ ಅವಸರದವನು 37 ಡಾಲರು ತೆರುವಲ್ಲಿ ಸಾವಧಾನಿಯು ಹತ್ತಕ್ಕಿಂತ ಸ್ವಲ್ಪವೇ ಹೆಚ್ಚು ತೆರುತ್ತಾನೆ. ಒಂದು ದಿನದವನು ಕಾಣುವುದಾದರೂ ಏನನ್ನು? ಸೂರ್ಯೋದಯದ ಹೊತ್ತಿಗೆ ಸರೋವರದ ದಡದಲ್ಲಿ ನೆರೆಯುವ ಜನಸಂದಣಿಯನ್ನು, ನಡುಹಗಲಿನ ಬಿಸಿಲನ್ನು, ಮತ್ತು ಎಲ್ಲವೂ ಒಂದೇ ಎಂದು ತೋರುವ ಶಿಲೆಗಳ ರಾಶಿಯನ್ನು. ಮೂರನೆಯ ದಿನಕ್ಕೆ ಕಣ್ಣು ಪಳಗುತ್ತದೆ, ಕ್ರಿ.ಶ. ಹನ್ನೆರಡನೆಯ ಶತಮಾನದ ಮೊದಲರ್ಧದ ಆಂಗ್ಕೋರ್ ವಾಟ್‌ಗೂ, ಅದೇ ಶತಮಾನದ ಕೊನೆಗೆ ಬೌದ್ಧನಾದ ಏಳನೆಯ ಜಯವರ್ಮನು ಕಟ್ಟಿಸಿದ ಬಾಯೋನಿನ ಮುಖಗೋಪುರಗಳಿಗೂ ಇರುವ ಅಂತರ ಆಗ ತಾನಾಗಿ ಗೋಚರಿಸುತ್ತದೆ.

ಹಲವು ದೇಶಗಳನ್ನು ಕೂಡಿಸಿ ನೋಡುವುದೇ ತಪ್ಪೆಂದು ನನ್ನ ಅಭಿಪ್ರಾಯವಲ್ಲ. ಗಡಿಯನ್ನು ದಾಟಲು ಸಮರ್ಥವಾದ ಕಾರಣವಿರಬೇಕೆಂಬುದು ಅಭಿಪ್ರಾಯ. ಅಂತಹ ಕಾರಣವು ನಾವು ಅರಿಯಬಯಸುವ ವಿಷಯದಲ್ಲಿಯೇ ದೊರೆಯುತ್ತದೆ. ಆಂಗ್ಕೋರನ್ನು ಕಟ್ಟಿದ ಖ್ಮೇರ್ ಅರಸರ ವಾಸ್ತುಶಿಲ್ಪವನ್ನು ಅರಿಯಬೇಕೆಂಬವನಿಗೆ ಇಂದಿನ ಗಡಿರೇಖೆಗಳು ಸಾಲವು. ಏಕೆಂದರೆ ಆ ರಾಜ್ಯ ಹಬ್ಬಿದ್ದ ಕಾಲದಲ್ಲಿ ಈ ರೇಖೆಗಳಿರಲಿಲ್ಲ. ಥಾಯ್ಲೆಂಡಿನ ಈಶಾನ್ಯ ಭಾಗದ ಫಿಮಾಯಿ ದೇವಾಲಯವೂ, ದಕ್ಷಿಣ ಲಾವೋಸಿನ ಬೆಟ್ಟದ ಮಗ್ಗುಲಲ್ಲಿ ಶಿವನ ಆರಾಧನೆಗಾಗಿ ಎದ್ದ ವಾಟ್ ಫೂ ದೇವಾಲಯವೂ, ಆಂಗ್ಕೋರೂ ಒಂದೇ ಸಂಸ್ಕೃತಿಯ ಅಂಗಗಳು. ಆಂಗ್ಕೋರಿನಿಂದ ಫಿಮಾಯಿಗೆ ಹಳೆಯ ರಾಜಮಾರ್ಗವೇ ಇತ್ತು. ಇವು ಮೂರನ್ನೂ ನೋಡಲು ಮೂರು ದೇಶಗಳನ್ನು ಪ್ರವೇಶಿಸುವವನು ಎರಡು ಗಡಿಗಳ ಬೆಲೆಯನ್ನು ಸಕಾರಣವಾಗಿ ತೆರುತ್ತಾನೆ. ಚಂಪಾ ರಾಜ್ಯದ ಶೈವ ದೇವಾಲಯಗಳನ್ನು ಕಾಣಬಯಸುವವನಿಗೆ ಮಧ್ಯ ವಿಯೆಟ್ನಾಮಿನ ಮೀ ಸೋನ್ ಒಂದೇ ಸಾಕು. ಅವನು ಬೇರೆಲ್ಲಿಗೂ ಓಡಬೇಕಾದುದಿಲ್ಲ.

ಈ ವಿಷಯದಲ್ಲಿ ಕನ್ನಡಿಗನಿಗೆ ವಿಶೇಷವಾದ ಅಧಿಕಾರವೊಂದಿದೆಯೆಂದು ನಾನು ನಂಬುತ್ತೇನೆ. ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಆಂಗ್ಕೋರ್ ವಾಟ್ ಎಂಬ ಮಹಾ ವಿಷ್ಣುಮಂದಿರವನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮನು ಪಟ್ಟಕ್ಕೆ ಬಂದದ್ದು 1113ರ ಸುಮಾರಿಗೆ. ಸಮಕಾಲೀನರಾದ ಈ ಇಬ್ಬರು ಅರಸರು ಒಬ್ಬನೇ ದೇವರಿಗೆ ಎಷ್ಟು ಭಿನ್ನವಾದ ಮನೆಗಳನ್ನು ಕಟ್ಟಿಸಿದರು! ಬೇಲೂರಿನ ಶಿಲ್ಪಿಯು ಬಳಪದ ಕಲ್ಲಿನಲ್ಲಿ ಒಂದು ಕಿವಿಯೋಲೆಯ ಸೂಕ್ಷ್ಮವನ್ನು ಅರಸಿದರೆ, ಆಂಗ್ಕೋರಿನವನು ಮರಳುಗಲ್ಲಿನ ಗೋಡೆಯ ಉದ್ದಕ್ಕೂ ಸಮುದ್ರಮಥನದ ದೇವಾಸುರರ ಸಾಲನ್ನು ಹರಡಿದನು. ನಮ್ಮ ದೇಶದ ಪುರಾತತ್ತ್ವ ಇಲಾಖೆಯವರು 1986ರಿಂದ 1993ರವರೆಗೆ ಆ ಮಂದಿರದ ಸಂರಕ್ಷಣೆಯಲ್ಲಿ ದುಡಿದರೆಂಬುದೂ ಸ್ಮರಣೀಯ. ಬೇಲೂರು ಹಳೇಬೀಡುಗಳನ್ನು ಬಲ್ಲವನು ಅಲ್ಲಿ ನಿಂತು ನೋಡುವ ನೋಟಕ್ಕೂ ಬರಿಯ ಚಿತ್ರಗ್ರಾಹಕನ ನೋಟಕ್ಕೂ ಅಜಗಜಾಂತರವಿದೆ. ಆದರೆ ಈ ಅಧಿಕಾರವನ್ನು ಚಲಾಯಿಸಲು ಕಾಲ ಬೇಕು, ಆ ಕಾಲವನ್ನು ಕೊಳ್ಳುವುದಕ್ಕೇ ಆಯವ್ಯಯವಿರುವುದು.

ಇನ್ನು ವಿನಿಮಯದ ವಿಚಾರ. ಸಣ್ಣ ಸಣ್ಣ ಸೋರಿಕೆಗಳು ಇಲ್ಲಿ ದೊಡ್ಡ ಮೊತ್ತವಾಗುತ್ತವೆ. ನಮ್ಮ ಹಲವು ಬ್ಯಾಂಕುಗಳ ಸಾಮಾನ್ಯ ಕಾರ್ಡುಗಳು ಪರದೇಶದ ವ್ಯವಹಾರಕ್ಕೆ ನೂರಕ್ಕೆ ಮೂರರಿಂದ ಮೂರೂವರೆಯವರೆಗೆ ಅಧಿಕ ಶುಲ್ಕವನ್ನೂ ಅದರ ಮೇಲೆ ತೆರಿಗೆಯನ್ನೂ ವಿಧಿಸುತ್ತವೆ. ಥಾಯ್ಲೆಂಡಿನ ಹಣದ ಯಂತ್ರಗಳು ಹೊರದೇಶದ ಕಾರ್ಡಿಗೆ, ತೆಗೆದ ಮೊತ್ತ ಎಷ್ಟೇ ಇರಲಿ, ಒಂದು ಬಾರಿಗೆ 220 ಬಾತ್ ಅಥವಾ ಅದಕ್ಕೂ ಹೆಚ್ಚು ಕಳೆದುಕೊಳ್ಳುತ್ತವೆ. ಆದುದರಿಂದ ಅಲ್ಲಿ ಐದು ಬಾರಿ ಸ್ವಲ್ಪಸ್ವಲ್ಪ ತೆಗೆಯುವವನು ಒಂದೇ ಬಾರಿ ತೆಗೆಯುವವನಿಗಿಂತ ಐದು ಪಟ್ಟು ದಂಡ ತೆತ್ತಂತೆಯೇ. ರೂಪಾಯಿಯಲ್ಲಿಯೇ ಪಾವತಿ ಮಾಡುವಿರಾ ಎಂದು ಅಂಗಡಿಯ ಯಂತ್ರ ಕೇಳಿದಾಗ ಒಪ್ಪಬಾರದು. ಆ ಸೌಕರ್ಯದೊಳಗೆ ಅಂಗಡಿಯ ಕಡೆಯವರು ನಿಗದಿಮಾಡಿದ ಪ್ರತಿಕೂಲವಾದ ದರ ಅಡಗಿರುತ್ತದೆ, ಸ್ಥಳೀಯ ನಾಣ್ಯದಲ್ಲಿ ತೆರುವುದೇ ಲೇಸು. ನಾಣ್ಯದ ಬೆಲೆಯೂ ಸ್ಥಿರವಲ್ಲ. ಲಾವೋಸಿನ ಕಿಪ್ 2021ರ ಸುಮಾರಿಗೆ ಡಾಲರಿಗೆ ಒಂಬತ್ತು ಹತ್ತು ಸಾವಿರದಷ್ಟಿದ್ದದ್ದು 2023ರ ಹೊತ್ತಿಗೆ ಇಪ್ಪತ್ತು ಸಾವಿರ ಮುಟ್ಟಿತು. ಪ್ರವಾಸಿಗೆ ಇದು ಅಗ್ಗವೆಂದು ತೋರಿದರೂ, ಅಲ್ಲಿಯ ಸಂಬಳಗಾರನ ಮನೆಯಲ್ಲಿ ಅದು ಕ್ಷಾಮದಂತೆಯೇ ಸರಿ. ಅದನ್ನು ಮರೆತು ಸಂತೋಷಿಸುವುದು ಮನುಷ್ಯಧರ್ಮಕ್ಕೆ ಒಪ್ಪುವುದಿಲ್ಲ.

ವಾಹನದ ಆಯ್ಕೆಯಲ್ಲಿಯೂ ಟಿಕೇಟಿನ ಬೆಲೆಯೊಂದನ್ನೇ ನೋಡಬಾರದು. 2021ರ ಡಿಸೆಂಬರಿನಲ್ಲಿ ತೆರೆದ ಲಾವೋಸ್–ಚೀನಾ ರೈಲುಮಾರ್ಗವು, ಬೆಟ್ಟದ ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ವಿಯೆಂಟಿಯಾನ್–ಲುಆಂಗ್ ಪ್ರಬಾಂಗ್ ಪ್ರಯಾಣವನ್ನು ಸುಮಾರು ಎರಡು ಗಂಟೆಗಳಿಗೆ ಇಳಿಸಿದೆ. ಬಸ್ಸಿಗಿಂತ ಕೊಂಚ ಅಧಿಕವಾದರೂ ಆ ಟಿಕೇಟು ಒಂದು ದಿನವನ್ನು ಉಳಿಸಿಕೊಡುತ್ತದೆ. ಥಾಯ್ ಗಡಿಯ ಹುಆಯ್ ಸಾಯಿಯಿಂದ ಲುಆಂಗ್ ಪ್ರಬಾಂಗಿಗೆ ಮೆಕಾಂಗಿನ ಮೇಲೆ ಎರಡು ದಿನ ಸಾಗುವ ನಿಧಾನದ ದೋಣಿಯೂ ಉಂಟು. ಗಡಿಯಾರ ನೋಡುವವನಿಗೆ ಅದು ವ್ಯರ್ಥ. ನದಿಯನ್ನು ನೋಡಲೆಂದೇ ಬಂದವನಿಗೆ ಆ ಎರಡು ದಿನಗಳೇ ಯಾತ್ರೆಯ ಸಾರ. ಬ್ಯಾಂಕಾಕಿನಿಂದ ವಿಯೆಂಟಿಯಾನಿಗೆ 2024ರಿಂದ ನೇರವಾಗಿ ಓಡುತ್ತಿರುವ ರಾತ್ರಿಯ ರೈಲಿನಂಥವು ಒಂದು ರಾತ್ರಿಯ ವಸತಿಯ ಖರ್ಚನ್ನೂ ಉಳಿಸುತ್ತವೆ. ವಿಮಾನದಲ್ಲಿಯೂ ಅಷ್ಟೆ: ಒಂದು ನಗರದಲ್ಲಿ ಇಳಿದು ಮತ್ತೊಂದರಿಂದ ಮರಳುವ ಟಿಕೇಟು ಮೇಲ್ನೋಟಕ್ಕೆ ತುಟ್ಟಿಯೆನಿಸಿದರೂ, ಬಂದ ದಾರಿಯಲ್ಲೇ ಹಿಂದಿರುಗುವ ಖರ್ಚನ್ನೂ ದಿನಗಳನ್ನೂ ಕಳೆದು ನೋಡಿದಾಗ ಬಹುಸಲ ಅದೇ ಲಾಭಕರ.

ಆಪನ್ನಿಧಿಯ ವಿಷಯವನ್ನು ನಾನು ಒತ್ತಿ ಹೇಳಬೇಕಾಗಿದೆ. ಅಲ್ಪಧನರು ಮೊದಲು ಕತ್ತರಿ ಹಾಕುವುದು ಅದಕ್ಕೇ. 2025ರಲ್ಲಿ ಥಾಯ್ಲೆಂಡಿಗೂ ಕಾಂಬೋಡಿಯಕ್ಕೂ ನಡುವೆ, ಮುಂದೆ ಜುಲೈ ತಿಂಗಳಲ್ಲಿ ಶಸ್ತ್ರಸಂಘರ್ಷಕ್ಕೇ ತಿರುಗಿದ ಗಡಿವಿವಾದ ಉಲ್ಬಣಿಸಿ, ಬ್ಯಾಂಕಾಕಿನಿಂದ ಆಂಗ್ಕೋರಿಗೆ ಸಾವಿರಾರು ಯಾತ್ರಿಕರು ಬಳಸುತ್ತಿದ್ದ ಪೊಯ್‌ಪೆಟ್ ಗಡಿಯ ದಾರಿ ಮುಚ್ಚಿಹೋಯಿತು. ಎಷ್ಟೋ ಕಾಲದಿಂದ ಅತಿ ಸುಲಭವೆನಿಸಿದ್ದ ದಾರಿ ಅದು. ಮುಂಗಡ ಹಣ ಕೊಟ್ಟು ದಿನದಿನವನ್ನೂ ಕಟ್ಟಿಹಾಕಿಕೊಂಡವರ ಯೋಜನೆ ಅಲ್ಲಿಗೇ ಮುರಿಯಿತು. ಕೈಯಲ್ಲಿ ನಿಧಿಯೂ ದಿನಚರಿಯಲ್ಲಿ ತೆರವೂ ಇದ್ದವರು ಲಾವೋಸಿನ ಮೂಲಕ ಸುತ್ತಿ ಹೋಗುವ ಅಥವಾ ವಿಮಾನ ಹತ್ತುವ ನಿರ್ಧಾರವನ್ನು ಧೈರ್ಯವಾಗಿ ಮಾಡಬಲ್ಲವರಾಗಿದ್ದರು. ಗಡಿಗಳು ಹೆಚ್ಚಿದಷ್ಟೂ ಇಂತಹ ವಿಘ್ನಗಳ ಸಂಭವ ಹೆಚ್ಚುತ್ತದೆ. ಋತುವಿನ ಗಣನೆಯೂ ಇದಕ್ಕೆ ಸೇರಿದ್ದು: ಅಕ್ಟೋಬರ್ ನವೆಂಬರುಗಳಲ್ಲಿ ಮಧ್ಯ ವಿಯೆಟ್ನಾಮಿಗೆ ನೆರೆ ಬರುವುದುಂಟು; ಮಾರ್ಚ್ ಏಪ್ರಿಲ್‌ಗಳಲ್ಲಿ ಉತ್ತರ ಥಾಯ್ಲೆಂಡನ್ನೂ ಲಾವೋಸನ್ನೂ ಹೊಲ ಸುಡುವ ಹೊಗೆ ಕವಿಯುತ್ತದೆ; ವಿಯೆಟ್ನಾಮಿನ ತೆತ್ ಹೊಸವರ್ಷದಲ್ಲಿ ಟಿಕೇಟುಗಳೇ ದುರ್ಲಭ. ಮಳೆಗಾಲವಾದರೋ ಅಗ್ಗ, ಆಂಗ್ಕೋರ್ ನಿರ್ಜನ, ತೋನ್ಲೆ ಸಾಪ್ ಸರೋವರ ಮೆಕಾಂಗಿನ ಹಿನ್ನೀರಿನಿಂದ ತುಂಬಿ ಸಮುದ್ರದಂತೆ ಹರಡಿಕೊಳ್ಳುವ ಕಾಲ. ಒದ್ದೆಯಾಗಲು ಸಿದ್ಧನಾದವನಿಗೆ ಅದಕ್ಕಿಂತ ಒಳ್ಳೆಯ ಋತುವಿಲ್ಲ. ವಿಮೆಯನ್ನು ಮಾತ್ರ ಯಾವ ಋತುವಿನಲ್ಲಿಯೂ ಬಿಡಲಾಗದು. ಷೆಂಗೆನ್ ದೇಶಗಳು 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ಕಡ್ಡಾಯಗೊಳಿಸಿವೆ. ಕಡ್ಡಾಯವಲ್ಲದ ದೇಶಗಳಿಗೂ ಆ ವಿವೇಕವನ್ನು ನಾವೇ ಅನ್ವಯಿಸಿಕೊಳ್ಳಬೇಕು.

ನನ್ನ ವಾದಕ್ಕೆ ಎದುರಾಗಬಹುದಾದ ಎರಡು ಆಕ್ಷೇಪಗಳನ್ನು ಗೌರವದಿಂದ ಪರಿಶೀಲಿಸತಕ್ಕದ್ದು. “ಜೀವಮಾನದಲ್ಲಿ ಒಮ್ಮೆ ಹೊರಡುವವರು ನಾವು; ಮತ್ತೆ ಈ ಭಾಗ್ಯ ಬರುವುದೋ ಇಲ್ಲವೋ; ವಿಮಾನದ ಖರ್ಚು ಹೇಗೂ ಆಗಿದೆ; ಆದಷ್ಟು ನೋಡಿ ಬರುವುದೇ ಸರಿಯಲ್ಲವೆ?” ಎಂದು ಹಿರಿಯರು ಕೇಳಬಹುದು. ಈ ಮಾತಿನಲ್ಲಿರುವ ಆರ್ತತೆ ನನಗೆ ತಿಳಿಯದುದಲ್ಲ. ಆದರೆ ಒಮ್ಮೆ ಮಾತ್ರ ಲಭಿಸುವ ವಸ್ತುವನ್ನೇ ಅಲ್ಲವೆ ನಾವು ಅತ್ಯಂತ ಸಾವಧಾನದಿಂದ ಅನುಭವಿಸಬೇಕಾದುದು? ಮರಳಿ ಬರುವ ಸಾಧ್ಯತೆ ಇದ್ದವನು ಒಂದು ವೇಳೆ ಓಡುತ್ತ ನೋಡಿದರೂ ನಷ್ಟವನ್ನು ಮುಂದೆ ತುಂಬಿಕೊಂಡಾನು. ಮರಳಿ ಬಾರದವನಿಗೆ ಆ ಅವಕಾಶವೂ ಇಲ್ಲ. ಕನ್ನಡದಲ್ಲಿ ನೆಲೆನಿಂತ ಪ್ರವಾಸ ಬರಹಗಳನ್ನು ನೋಡಿದರೂ ಇದೇ ತಿಳಿಯುತ್ತದೆ. ಕೃಷ್ಣಾನಂದ ಕಾಮತರ ‘ನಾನೂ ಅಮೇರಿಕೆಗೆ ಹೋಗಿದ್ದೆ’ ವಿದ್ಯಾರ್ಥಿಯಾಗಿ ಅಲ್ಲಿ ವಾಸಿಸಿದವರು ಬರೆದ ಗ್ರಂಥ. ಹತ್ತು ದಿನದ ಅತಿಥಿಗೆ ಅದನ್ನು ಬರೆಯಲು ಸಾಧ್ಯವಾಗುತ್ತಿರಲಿಲ್ಲ.

ಎರಡನೆಯ ಆಕ್ಷೇಪ ತಂಡಪ್ರವಾಸದ ಪರವಾದುದು. ವಯಸ್ಸಾದವರಿಗೆ ಜೊತೆಗಾರರು ಬೇಕು, ಭಾಷೆ ತಿಳಿಯದ ಕಡೆ ಮಾರ್ಗದರ್ಶಕನು ಬೇಕು, ಶಾಕಾಹಾರಿಗೆ ಊಟದ ಭರವಸೆ ಬೇಕು. ಇವು ನಿಜವಾದ ಅವಶ್ಯಕತೆಗಳು. ಅವಕ್ಕೆಂದು ಹಣ ಕೊಡುವುದು ದುಂದುಗಾರಿಕೆಯಲ್ಲ. ಆದರೆ ಕೊಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಯೇ ತೀರಬೇಕು: ಎಷ್ಟು ರಾತ್ರಿಗಳು ಒಂದೇ ಕೊಠಡಿಯಲ್ಲಿ? ಎಷ್ಟು ಗಂಟೆಗಳು ವಾಹನದಲ್ಲಿ? ಪ್ರವೇಶ ಶುಲ್ಕಗಳು ಒಟ್ಟು ಮೊತ್ತದಲ್ಲಿ ಸೇರಿವೆಯೇ? ಪ್ಯಾಕೇಜಿನೊಡನೆ ಮೂಲದಲ್ಲಿಯೇ ವಸೂಲಾಗುವ ತೆರಿಗೆಯು ಮುಂದೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವುದಾದರೂ, ಆವರೆಗೆ ಆ ಹಣ ಕೈಯಲ್ಲಿರುವುದಿಲ್ಲವೆಂಬುದನ್ನು ಲೆಕ್ಕಕ್ಕೆ ತಂದಿದ್ದೇವೆಯೇ? ಊಟದ ಭಯವಂತೂ ನಾವು ಎಣಿಸುವಷ್ಟು ದೊಡ್ಡದಲ್ಲ. ವಿಯೆಟ್ನಾಮಿನ ಬೌದ್ಧರಲ್ಲಿ ಅನೇಕರು ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನಗಳಂದು ಮಾಂಸ ತ್ಯಜಿಸುತ್ತಾರೆ. ‘ಚಾಯ್’ ಎಂಬ ಫಲಕ ಹೊತ್ತ ಶಾಕಾಹಾರದ ಊಟದಂಗಡಿಗಳು ಅಲ್ಲಿಯ ನಗರಗಳಲ್ಲಿ ಯಥೇಚ್ಛ. ಥಾಯ್ಲೆಂಡಿನಲ್ಲಿ ಹಳದಿಯ ಮೇಲೆ ಕೆಂಪಕ್ಷರದ ‘ಜೇ’ ಎಂಬ ಗುರುತು ಅದೇ ಅಭಯವನ್ನು ಕೊಡುತ್ತದೆ. ನೆಲದ ಊಟವನ್ನು ಉಣ್ಣಬಲ್ಲವನ ಖರ್ಚು, ಪರದೇಶದಲ್ಲಿ ಸ್ವದೇಶದ ಊಟವನ್ನೇ ಹುಡುಕುವವನ ಖರ್ಚಿಗಿಂತ ಬಹಳ ಕಡಿಮೆ.

ಮಿತವ್ಯಯಕ್ಕೆ ನೀತಿಯ ಎಲ್ಲೆಯೊಂದುಂಟು. ನಾವು ಉಳಿಸಿದ ಹಣ ಯಾರ ಕೈಯಿಂದ ಉಳಿಯಿತೆಂಬುದನ್ನು ಕೇಳಿಕೊಳ್ಳದ ಲೆಕ್ಕ ಅಪೂರ್ಣ. ವಿಮಾನದ ದಿನವನ್ನು ಬದಲಿಸಿ, ಅನಾವಶ್ಯಕವಾದ ಗಡಿಯನ್ನು ಬಿಟ್ಟು, ಸಾಧಾರಣ ಕೊಠಡಿಯಲ್ಲಿ ಮಲಗಿ ಉಳಿಸಿದ ಹಣ ನ್ಯಾಯವಾದುದು. ಸಂಜೆಯ ಸಂತೆಯಲ್ಲಿ ತಾನು ನೇಯ್ದ ವಸ್ತ್ರವನ್ನು ಹರಡಿಕೊಂಡು ಕುಳಿತ ಹೆಂಗಸಿನೊಡನೆ ಅರ್ಧ ಗಂಟೆ ಚೌಕಾಸಿ ಮಾಡಿ ಉಳಿಸಿದ ಐವತ್ತು ರೂಪಾಯಿ ಹಾಗಲ್ಲ. ನಮಗೆ ಅದು ಲೆಕ್ಕದ ಒಂದು ಅಂಕಿ, ಅವಳಿಗೆ ಅಂದಿನ ಅಡಿಗೆ. ಲುಆಂಗ್ ಪ್ರಬಾಂಗಿನಲ್ಲಿ ನಸುಕಿನ ವೇಳೆ ಭಿಕ್ಷುಗಳು ಭಿಕ್ಷೆಗೆ ಸಾಗುವುದನ್ನು ಕಾಣಲು ಶುಲ್ಕವಿಲ್ಲ. ಆದರೆ ದೂರದಲ್ಲಿ ಮೌನವಾಗಿ ನಿಲ್ಲುವ, ಅವರ ಮುಖಕ್ಕೆ ಕ್ಯಾಮೆರಾದ ದೀಪ ಬಿಡದಿರುವ ಸಂಯಮವು ಅಲ್ಲಿ ನಾವು ತೆರಲೇಬೇಕಾದ ಸಲ್ಲಿಕೆ. ಕಡಿಮೆ ಊರುಗಳಲ್ಲಿ ಹೆಚ್ಚು ದಿನ ನಿಲ್ಲುವವನು ಈ ವಿಷಯದಲ್ಲಿಯೂ ಮೇಲು. ಅದೇ ಅಂಗಡಿಗೆ ನಾಲ್ಕು ದಿನ ಹೋದವನು ಗಿರಾಕಿಯಾಗಿ ಉಳಿಯದೆ ಪರಿಚಿತನಾಗುತ್ತಾನೆ. ಪರಿಚಿತನಿಗೆ ನ್ಯಾಯವಾದ ಬೆಲೆ ತಾನಾಗಿ ತಿಳಿಯುತ್ತದೆ, ಅವನನ್ನು ಮೋಸಗೊಳಿಸುವ ಆಸೆಯೂ ಎದುರಿನವನಲ್ಲಿ ಕುಗ್ಗುತ್ತದೆ.

ಆದುದರಿಂದ, ಹೊರಡುವವರು ತಮ್ಮ ಆಯವ್ಯಯ ಪತ್ರಿಕೆಯ ಮೊದಲನೆಯ ಸಾಲಿನಲ್ಲಿ ಹಣದ ಮೊತ್ತವನ್ನು ಬರೆಯದೆ, ಏನನ್ನು ಅರಿಯಲು ಹೋಗುತ್ತಿದ್ದೇವೆಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕೆಂದು ನಾನು ಬಿನ್ನವಿಸುತ್ತೇನೆ. ಎರಡನೆಯ ಸಾಲಿನಲ್ಲಿ ಅದಕ್ಕೆ ಬೇಕಾಗುವ ದಿನಗಳು ಬರಲಿ. ಮೂರನೆಯದರಲ್ಲಿ ಆ ಉದ್ದೇಶಕ್ಕಾಗಿ ದಾಟಲೇಬೇಕಾದ ಗಡಿಗಳು. ನಾಲ್ಕನೆಯದರಲ್ಲಿ ಒಟ್ಟು ಹಣದ ಆರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದ ಆಪನ್ನಿಧಿ. ಉಳಿದುದು ದಿನದ ಖರ್ಚು. ಅದು ಸಾಲದೆ ಹೋದಲ್ಲಿ ಊಟವನ್ನಾಗಲಿ ವಿಮೆಯನ್ನಾಗಲಿ ಕಡಿಯದೆ, ಗಡಿಯೊಂದನ್ನು ಕಡಿಯಬೇಕು. ಈ ಕ್ರಮದಲ್ಲಿ ಲೆಕ್ಕ ಹಾಕಿದವನಿಗೆ ತನ್ನ ಪಟ್ಟಿಯಲ್ಲಿ ಕೇವಲ ಸಂಖ್ಯೆಗಾಗಿ ಸೇರಿಕೊಂಡ ದೇಶವೊಂದು ಇದ್ದೇ ಇದೆಯೆಂಬುದು ಬಹುಮಟ್ಟಿಗೆ ಗೋಚರವಾಗುತ್ತದೆ. ಅದನ್ನು ನಿಸ್ಸಂಕೋಚವಾಗಿ ಹೊಡೆದುಹಾಕಿ, ಅದಕ್ಕೆ ಮೀಸಲಾಗಿದ್ದ ಹಣವನ್ನೂ ದಿನಗಳನ್ನೂ ಉಳಿದ ದೇಶಗಳಿಗೆ ಹಂಚಿಕೊಡಲಿ.